ಕಾಯಿಲೆ, ಕಷ್ಟಗಳ ಇಂಗ್ಲಿಷ್ ಮಾತನ್ನು ನಮ್ಮ ಸೀಮೆಯ ಕನ್ನಡಕ್ಕೆ ತರುವ ಬಗೆ

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಇರುವುದರಿಂದ ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯ ರೋಗಿಗಳು ಚಿಕಿತ್ಸೆಗೆಂದು ಇಲ್ಲಿಗೆ ಬರುತ್ತಾರೆ. ಮನೆಗೆ ಮರಳುವಾಗ ಅವರ ಕೈಗೆ ಸಿಗುವ ಕಾಗದ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಕನ್ನಡಕ್ಕೆ ತರುವವರು ಶಬ್ದಕೋಶ ತೆರೆಯುವ ಮೊದಲು, ಇದನ್ನು ಓದಿದ ಮನೆಯವರು ಮುಂದೆ ಏನು ಮಾಡಬೇಕಾಗಿದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

'ಸ್ಟ್ರೋಕ್' ಎಂಬ ಪದವನ್ನೇ ನೋಡಿ. ಇದನ್ನು 'ಆಘಾತ' ಎಂದು ಬರೆದರೆ ಓದುಗರ ಮನಸ್ಸು ನೇರವಾಗಿ ಹೃದಯಾಘಾತದ ಕಡೆಗೆ ಹೋಗುತ್ತದೆ. 'ಪಾರ್ಶ್ವವಾಯು' ಪುಸ್ತಕದಲ್ಲಿ ಸರಿ, ಆದರೆ ಊರಿನಲ್ಲಿ ಎಲ್ಲರೂ ಹೇಳುವುದು 'ಲಕ್ವ ಹೊಡೆಯಿತು' ಎಂದೇ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕಾಗುವುದರಿಂದ, ಪದ ತಿಳಿಯದೆ ಕಳೆದ ಒಂದೊಂದು ಗಳಿಗೆಯೂ ರೋಗಿಗೆ ನಷ್ಟವೇ. ಆದ್ದರಿಂದ 'ಲಕ್ವ' ಎಂದೇ ಬರೆದು, ಬಾಯಿ ಸೊಟ್ಟಗಾಗುವುದು, ಒಂದು ಕೈಯ ಶಕ್ತಿ ಕುಂದುವುದು, ಮಾತು ತೊದಲುವುದು ಎಂಬ ಲಕ್ಷಣಗಳನ್ನು ಪಕ್ಕದಲ್ಲೇ ಸೇರಿಸುವುದು ಒಳ್ಳೆಯದು.

ಮಕ್ಕಳ ಮೈಮೇಲೆ ಗುಳ್ಳೆ ಎದ್ದಾಗ ನಮ್ಮ ಕಡೆ 'ಅಮ್ಮ ಬಂದಿದೆ' ಎನ್ನುತ್ತಾರೆ. ಈ ಮಾತಿನಲ್ಲಿರುವ ಭಕ್ತಿಯನ್ನು ಹೀಗಳೆಯದೆಯೇ ಅನುವಾದಕರು ರೋಗವನ್ನು ಬೇರ್ಪಡಿಸಿ ಹೇಳಬೇಕು, ಏಕೆಂದರೆ ದಡಾರಕ್ಕೂ 'ಅಮ್ಮ' ಎನ್ನುವುದುಂಟು. 'ಚಿಕನ್ ಪಾಕ್ಸ್' ಎಂಬುದನ್ನು ಬರಿಯ 'ಸಿಡುಬು' ಎಂದು ಬರೆಯಲೇಬಾರದು. ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿದೆ. 'ಸೀತಾಳೆ ಸಿಡುಬು' ಎಂದು ಪೂರ್ತಿಯಾಗಿ ಬರೆಯಿರಿ.

ಪರೀಕ್ಷೆಯ ಫಲಿತಾಂಶ 'ಪಾಸಿಟಿವ್' ಎಂದಿದ್ದರೆ 'ಸಕಾರಾತ್ಮಕ' ಎನ್ನದೆ 'ರೋಗವಿರುವುದು ಪರೀಕ್ಷೆಯಲ್ಲಿ ಕಂಡುಬಂದಿದೆ' ಎನ್ನಬೇಕು. 'ಸ್ಟೇಬಲ್' ಎಂಬುದಕ್ಕೆ 'ಸ್ಥಿತಿ ಇನ್ನಷ್ಟು ಹದಗೆಟ್ಟಿಲ್ಲ' ಎಂಬುದು ಹೊಂದುತ್ತದೆ. ಅಲ್ಲಿ 'ಹೆಚ್ಚು ಕಡಿಮೆ ಆಗಿಲ್ಲ' ಎಂದರೆ ಮನೆಯವರ ಎದೆ ನಡುಗೀತು, ಏಕೆಂದರೆ 'ಹೆಚ್ಚು ಕಡಿಮೆ ಆಗುವುದು' ನಮ್ಮಲ್ಲಿ ಸಾವನ್ನು ಮರೆಮಾಚಿ ಹೇಳುವ ಮಾತೂ ಹೌದು. ಕಿಡ್ನಿ, ಬಿಪಿ, ಶುಗರ್ ಎಂಬವನ್ನು ಹಾಗೆಯೇ ಇರಿಸಿಕೊಳ್ಳಬಹುದು.

ನುಡಿಗಟ್ಟುಗಳಲ್ಲಿ ಚಿತ್ರವನ್ನು ಬಿಟ್ಟು ಸಂದರ್ಭವನ್ನು ಹಿಡಿಯಬೇಕು. 'ಅಂಡರ್ ದ ವೆದರ್' ಎಂಬುದಕ್ಕೆ 'ಮೈಯಲ್ಲಿ ಆರಾಮಿಲ್ಲ' ಎಂದರೆ ಸಾಕು, ಹವಾಮಾನದ ಪ್ರಸ್ತಾಪವೇ ಬೇಡ. ನೊಂದವರನ್ನು ಇನ್ನೊಬ್ಬರು ಮತ್ತಷ್ಟು ನೋಯಿಸಿದರೆ 'ಗಾಯದ ಮೇಲೆ ಬರೆ'; ಯಾರ ತಪ್ಪೂ ಇಲ್ಲದೆ ಕಷ್ಟದ ಮೇಲೆ ಕಷ್ಟ ಬಂದರೆ 'ಬರಗಾಲದಲ್ಲಿ ಅಧಿಕ ಮಾಸ'. ಮಳೆ ಕಾಣದ ವರ್ಷಗಳನ್ನು ಬಲ್ಲ ಜಗಳೂರು, ಮೊಳಕಾಲ್ಮೂರಿನವರಿಗೆ ಈ ಎರಡನೆಯದನ್ನು ವಿವರಿಸಬೇಕಿಲ್ಲ. ಆದರೂ ಅದರಲ್ಲಿ ತುಸು ಲಘುತ್ವವಿರುವುದರಿಂದ ಸಾವಿನ ಸುದ್ದಿಯಲ್ಲಿ ಅದನ್ನು ಬಳಸುವುದು ತರವಲ್ಲ.

ಕ್ಯಾನ್ಸರಿನೊಂದಿಗೆ 'ಹೋರಾಡಿ ಸೋತರು' ಎಂಬ ಇಂಗ್ಲಿಷ್ ಧಾಟಿಯನ್ನು ನಾನು ಒಪ್ಪುವುದಿಲ್ಲ. ತೀರಿಹೋದವರ ಮೇಲೆ ಸೋಲನ್ನು ಹೊರಿಸುವುದು ಅನ್ಯಾಯ. 'ಕ್ಯಾನ್ಸರಿನಿಂದ ತೀರಿಕೊಂಡರು' ಎಂದರೆ ಸಾಕು. 'ಲಿಂಗೈಕ್ಯರಾದರು' ಎಂಬುದು ಲಿಂಗಾಯತ ಸಂಪ್ರದಾಯದ ಗೌರವದ ಮಾತು, 'ತೀರಿಕೊಂಡರು' ಎಂಬುದು ಎಲ್ಲ ಮನೆಗಳಿಗೂ ಸಲ್ಲುತ್ತದೆ.

ಬರೆದು ಮುಗಿಸಿದ ಮೇಲೆ ವೈದ್ಯರಿಂದ ಅರ್ಥವನ್ನು ಖಚಿತಪಡಿಸಿಕೊಂಡು, ಇಂಗ್ಲಿಷ್ ಬಾರದ ಹಿರಿಯರೊಬ್ಬರಿಗೆ ಅದನ್ನು ಓದಿ ಹೇಳಿ, 'ತಿಳಿಯಿತೇ' ಎಂದು ಕೇಳುವ ಬದಲು 'ನಿಮ್ಮ ಮಾತಿನಲ್ಲಿ ಹೇಳಿ' ಎಂದು ಕೇಳಿರಿ. ಅವರು ತಡವರಿಸಿದ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು, ಸಾಧ್ಯವಾದಲ್ಲಿ ಅವರು ಬಳಸಿದ ಪದವನ್ನೇ ಅಲ್ಲಿಗೆ ತನ್ನಿರಿ.