ಕಾರಿನ ಪವರ್ ಹೆಚ್ಚಿಸುವುದಾ, ಬೇರೆ ಕಾರೇ ತಗೊಳ್ಳುವುದಾ?

ಮೊದಲು ಇಂಜಿನ್ನಿಗೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಯಾವುದಾದರೂ ಸಿಲಿಂಡರ್‌ನಲ್ಲಿ ಒತ್ತಡ ತುಂಬಾ ಕಡಿಮೆ ಇದ್ದರೆ ಪವರ್ ಹೆಚ್ಚಿಸುವ ಯೋಚನೆ ಅಲ್ಲಿಗೇ ಬಿಡಿ. ಸವೆದ ಇಂಜಿನ್ನಿನಿಂದ ಇನ್ನೂ ಜಾಸ್ತಿ ಕೆಲಸ ತೆಗೆದರೆ ಬೇಗ ಕೈಕೊಡುತ್ತದೆ.

ಇಂಜಿನ್ ಗಟ್ಟಿಯಾಗಿದ್ದರೆ, ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಇದೆಯಾ ನೋಡಿ. ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ. ಟರ್ಬೊ ಇದ್ದರೆ ಇಸಿಯು ರೀಮ್ಯಾಪ್ ಮಾಡಿಸಿ, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಬಹುದು, ಓಡಿಸುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಟರ್ಬೊ ಇಲ್ಲದಿದ್ದರೆ ಫಿಲ್ಟರ್, ಎಕ್ಸಾಸ್ಟ್, ರೀಮ್ಯಾಪ್ ಎಲ್ಲ ಮಾಡಿಸಿದರೂ ಸಿಗುವುದು ಸ್ವಲ್ಪವೇ, ಸದ್ದು ಮಾತ್ರ ಜಾಸ್ತಿ. ಅಂಥವರು ಸುಮ್ನೆ ದುಡ್ಡು ಸುರಿಯಬೇಡಿ. ಅದನ್ನು ಉಳಿಸಿ, ದೊಡ್ಡ ಇಂಜಿನ್ನಿನ ಕಾರು ನೋಡಿ.

ಲೆಕ್ಕ ಹಾಕುವಾಗ ರೀಮ್ಯಾಪ್ ಖರ್ಚು ಒಂದನ್ನೇ ಬರೆದುಕೊಂಡರೆ ಆಗಲ್ಲ. ಟಾರ್ಕ್ (ಇಂಜಿನ್ ತಿರುಗಿಸುವ ಬಲ) ಏರಿದ ಮೇಲೆ ಹಳೆಯ ಕ್ಲಚ್ ಜಾರಬಹುದು. ಬ್ರೇಕ್, ಟೈರ್, ಕೂಲಿಂಗ್ ಕೂಡ ಅದಕ್ಕೆ ತಕ್ಕ ಹಾಗೆ ಇರಬೇಕು, ಅಲ್ವಾ? ವಾರಂಟಿ ಹೋಗಬಹುದು. ವಿಮಾ ಕಂಪನಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಸಿಗದೆ ಹೋಗುವ ಅಪಾಯ ಇದೆ. ಮಾರುವಾಗ ಈ ದುಡ್ಡು ವಾಪಸ್ ಬರುವುದು ಅಪರೂಪ.

ನಿಮಗೆ ಬೇಕಿರುವುದು ತಿರುವಿನಲ್ಲಿ ಹಿಡಿತ ಮಾತ್ರ ಅಂದರೆ ಒಳ್ಳೆಯ ಟೈರ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿ ನೋಡಿ. ಕಾರು ಬದಲಿಸುವ ಮಾತು ಆಮೇಲೆ.