ಬಿಇಓ ಹಿಂದಿನ ಬೆಂಚಿನಲ್ಲಿ ಕೂರಬೇಕು: ತಾಲ್ಲೂಕಿನ ಪಾಠ, ಪರೀಕ್ಷೆ ಸುಧಾರಿಸುವುದು ಹೇಗೆ?

ನಾಲ್ಕನೇ ತರಗತಿಯ ಮೂರು ಮಕ್ಕಳಿಗೆ ಒಂದೇ ಲೆಕ್ಕ ಕೊಟ್ಟಿದ್ದೆ. 502ರಲ್ಲಿ 178 ಕಳೆಯಬೇಕು. ಒಬ್ಬಳು 476 ಬರೆದಳು. ಇನ್ನೊಬ್ಬ 334 ಬರೆದ. ಮೂರನೆಯವನು 680. ಸರಿ ಉತ್ತರ 324. ಮೂವರಿಗೂ ಸೊನ್ನೆ ಬಿತ್ತು. ಅಂಕಪಟ್ಟಿಯಲ್ಲಿ ಮೂವರೂ ಒಂದೇ.

ಆದರೆ ಮೂವರ ತೊಂದರೆ ಒಂದೇ ಅಲ್ಲ. 476 ಬರೆದವಳು ಎಲ್ಲ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದಿದ್ದಾಳೆ. 2ರಲ್ಲಿ 8 ಹೋಗುವುದಿಲ್ಲ, ಹಾಗಾಗಿ 8ರಲ್ಲಿ 2 ಕಳೆದು 6 ಬರೆದಿದ್ದಾಳೆ. ಅವಳಿಗೆ ಬಿಡಿ, ಹತ್ತು, ನೂರು ಎಂಬುದೇ ಇನ್ನೂ ಕೂತಿಲ್ಲ. ಕಡ್ಡಿ ಕಟ್ಟು ಹಿಡಿದು ಮೊದಲಿಂದ ಬರಬೇಕು. 334 ಬರೆದವನಿಗೆ ಪಕ್ಕದ ಮನೆಯಿಂದ ಸಾಲ ತರುವುದು ಚೆನ್ನಾಗಿ ಗೊತ್ತು. ನಡುವೆ ಸೊನ್ನೆ ಬಂದಾಗ ಮಾತ್ರ ಎಡವಿದ್ದಾನೆ. ನೂರರ ಮನೆಯಿಂದ ಹತ್ತು ತಂದ, ಅದರಲ್ಲಿ ಒಂದನ್ನು ಬಿಡಿಗೆ ಕೊಟ್ಟ, ಆದರೂ 9 ಅನ್ನದೆ 10 ಅಂತಲೇ ಇಟ್ಟುಕೊಂಡ. ಅವನಿಗೆ ಹತ್ತು ನಿಮಿಷ ಸಾಕು. 680 ಬರೆದವನು ಕೂಡಿಸಿದ್ದಾನೆ. ಚಿಹ್ನೆ ನೋಡಲಿಲ್ಲವೋ, ಕಳೆಯುವುದು ಅಂದರೇನು ಅಂತಲೇ ಗೊತ್ತಿಲ್ಲವೋ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು.

ಇದನ್ನೆಲ್ಲ ನೋಡಬೇಕಾದವರು ಟೀಚರ್, ಅಲ್ವಾ? ಹೌದು. ಆದರೆ ಹೀಗೆ ನೋಡುವ ಅಭ್ಯಾಸ ಟೀಚರ್‌ಗೆ ಎಲ್ಲಿಂದ ಬರಬೇಕು? ಅವರ ಮೇಲಿನವರು ವರ್ಷವಿಡೀ ‘ಎಷ್ಟು ಪರ್ಸೆಂಟ್ ಬಂತು’ ಎಂದಷ್ಟೇ ಕೇಳಿದರೆ, ಅವರೂ ಪರ್ಸೆಂಟ್ ಅಷ್ಟೇ ನೋಡುತ್ತಾರೆ. ನಾನು ಮೇಷ್ಟ್ರಾಗಿದ್ದೆ, ಆಮೇಲೆ ಮೂರು ವರ್ಷ ಸಿಆರ್‌ಪಿ (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ) ಆಗಿದ್ದೆ. ಆ ಅನುಭವದಿಂದ ಹೇಳುತ್ತಿದ್ದೇನೆ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ತಾಲ್ಲೂಕಿನ ಇತರ ಅಧಿಕಾರಿಗಳು ಏನನ್ನು ಕೇಳುತ್ತಾರೋ, ತರಗತಿಯಲ್ಲಿ ಅದೇ ನಡೆಯುತ್ತದೆ. ಅವರ ಪ್ರಶ್ನೆ ಬದಲಾಗದೆ ಪಾಠ ಬದಲಾಗುವುದಿಲ್ಲ.

ನಮ್ಮಲ್ಲಿ ಅಧಿಕಾರಿಗಳ ಏಣಿ ಏನೋ ಇದೆ. ರಾಜ್ಯದಲ್ಲಿ 35 ಶೈಕ್ಷಣಿಕ ಜಿಲ್ಲೆಗಳು. ಚಿಕ್ಕೋಡಿ, ಶಿರಸಿ, ಮಧುಗಿರಿಯೂ ಅದರಲ್ಲಿ ಸೇರಿವೆ. ಜಿಲ್ಲೆಗೆ ಆಡಳಿತದ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಒಬ್ಬರು. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಯಾದ ಡಯಟ್‌ನ ಪ್ರಾಂಶುಪಾಲರು ಅಭಿವೃದ್ಧಿಯ ಡಿಡಿಪಿಐ. ತಾಲ್ಲೂಕಿಗೆ ಬಿಇಓ, ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯಾಧಿಕಾರಿ), ಶಿಕ್ಷಣ ಸಂಯೋಜಕರು, ಬಿಆರ್‌ಪಿಗಳು (ಅದೇ ಕೇಂದ್ರದ ಸಂಪನ್ಮೂಲ ವ್ಯಕ್ತಿಗಳು). ಕ್ಲಸ್ಟರ್ ಮಟ್ಟಕ್ಕೆ ಸಿಆರ್‌ಪಿಗಳು. ಕುರ್ಚಿಗಳಿಗೆ ಕೊರತೆ ಇಲ್ಲ. ಆ ಕುರ್ಚಿಯಲ್ಲಿರುವವರಿಗೆ ಪಾಠದ ಬಗ್ಗೆ ಮಾತಾಡಲು ಪುರುಸೊತ್ತೂ ತರಬೇತಿಯೂ ಸಿಗಬೇಕು.

ಇದು ಆಗದ ಕೆಲಸ ಅನ್ನುವವರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯನ್ನು ನೆನಪಿಸಿಕೊಳ್ಳಬೇಕು. 1995ರಲ್ಲಿ ಆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದು ಮಕ್ಕಳು ತಮ್ಮ ವೇಗದಲ್ಲಿ ಕಲಿಯಲು ತಮ್ಮದೇ ಕಲಿಕಾ ಕಾರ್ಡುಗಳನ್ನು ಮಾಡಿದರು. ಚಿಕ್ಕ ತರಗತಿಗಳ ‘ನಲಿ ಕಲಿ’ ಪದ್ಧತಿ ಹುಟ್ಟಿದ್ದು ಹಾಗೆ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದ ಮೆಟ್ಟಿಲುಗಳ ಸಾಲಿನಲ್ಲಿ, ಪ್ರತಿ ಮಗು ಎಲ್ಲಿದೆ ಎಂದು ಗೋಡೆಯ ಪ್ರಗತಿ ನೋಟದ ಪಟ್ಟಿಯಲ್ಲಿ ಕಾಣುತ್ತದೆ. ಯಾವ ಮಗುವಿಗೆ ಟೀಚರ್ ಪೂರ್ತಿ ಸಹಾಯ ಮಾಡಬೇಕು, ಯಾರು ಗೆಳೆಯರ ಜೊತೆ ಕಲಿಯಬಲ್ಲರು, ಯಾರು ತಾವೇ ಕಲಿಯುತ್ತಾರೆ ಎಂದು ತಟ್ಟೆಗಳಲ್ಲೇ (ಮಕ್ಕಳು ಕೂರುವ ಗುಂಪುಗಳಲ್ಲೇ) ಗೊತ್ತಾಗುತ್ತದೆ. ಮೌಲ್ಯಮಾಪನ ಅಂದರೆ ಇದೇ. ಒಂದು ತಾಲ್ಲೂಕು ತನ್ನ ಶಿಕ್ಷಕರನ್ನು ನಂಬಿದ್ದರಿಂದ ಇದು ಸಾಧ್ಯವಾಯಿತು.

ಈಗ ಕೆಲಸಕ್ಕೆ ಬರೋಣ. ಜೂನ್‌ನಿಂದ ಮಾರ್ಚ್‌ವರೆಗೆ ಒಂದು ತಾಲ್ಲೂಕಿನಲ್ಲಿ ಏನು ಮಾಡಬಹುದು?

1. ಮೊದಲು ಸಿಆರ್‌ಪಿ ಡೈರಿ ತೆಗೆಯಿರಿ

ಜೂನ್ ಮೊದಲ ವಾರ ಬಿಇಓ ತಮ್ಮ ಸಿಆರ್‌ಪಿಗಳನ್ನೆಲ್ಲ ಕೂರಿಸಿಕೊಂಡು ಒಂದೇ ಒಂದು ಲೆಕ್ಕ ಮಾಡಬೇಕು. ಹೋದ ತಿಂಗಳುಗಳಲ್ಲಿ ಒಂದು ಪಾಠವನ್ನು ಶುರುವಿನಿಂದ ಕೊನೆವರೆಗೆ ಕೂತು ನೋಡಿದ್ದು ಎಷ್ಟು ಸಲ? ಶಾಲೆಗೆ ಹೋಗಿ ಸಹಿ ಹಾಕಿ ಬಂದದ್ದನ್ನು ಎಣಿಸಬಾರದು. ನನ್ನ ಕ್ಲಸ್ಟರ್‌ನಲ್ಲಿ 14 ಶಾಲೆಗಳಿದ್ದವು. ಮೊದಲ ವರ್ಷ ಪ್ರಾಮಾಣಿಕವಾಗಿ ಲೆಕ್ಕ ಹಾಕಿದಾಗ ಇಡೀ ಪಾಠ ನೋಡಿದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಮಿಕ್ಕ ದಿನವೆಲ್ಲ ಸಮವಸ್ತ್ರ, ಶೂ, ಬಿಸಿಯೂಟದ ಮಾಹಿತಿ ಒಟ್ಟುಮಾಡಿ ಮೇಲೆ ಕಳಿಸುವುದರಲ್ಲೇ ಹೋಗಿತ್ತು. ‘ಅರ್ಜೆಂಟ್, ಸಂಜೆ 4ರೊಳಗೆ’ ಅಂತ ವಾಟ್ಸಾಪ್‌ನಲ್ಲಿ ಬರುತ್ತಿತ್ತು. ಅದರಲ್ಲಿ ಬಹಳಷ್ಟು ಮಾಹಿತಿ ಮೊದಲೇ ಸ್ಯಾಟ್ಸ್‌ನಲ್ಲಿ (ಮಕ್ಕಳ ಮಾಹಿತಿ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ) ಇರುತ್ತಿತ್ತು.

ಹಾಗಾಗಿ ಬಿಇಓ ಮಾಡಬೇಕಾದ ಮೊದಲ ಕೆಲಸ ಸಮಯ ಉಳಿಸಿಕೊಡುವುದು. ಸ್ಯಾಟ್ಸ್‌ನಲ್ಲಿ ಇರುವುದನ್ನು ಕಚೇರಿಯವರೇ ತೆಗೆದುಕೊಳ್ಳಲಿ, ಶಾಲೆಯನ್ನು ಮತ್ತೆ ಕೇಳಬಾರದು. ಬೇರೆ ಮಾಹಿತಿಯನ್ನು ವಾರಕ್ಕೆ ಒಂದು ದಿನ ಕೇಳಲಿ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಸಿಆರ್‌ಪಿಗಳಿಗೆ ಕಚೇರಿಯಿಂದ ಫೋನ್ ಹೋಗಬಾರದು. ಮೇಲಿಂದ ನಿಜಕ್ಕೂ ತುರ್ತು ಬಂದರೆ ಬಿಇಓ ಕಚೇರಿಯ ಸಿಬ್ಬಂದಿ ಅದನ್ನು ಹೊರಲಿ. ಇದೊಂದು ಆಗದಿದ್ದರೆ ಮುಂದಿನ ಹೆಜ್ಜೆಗಳನ್ನು ಸುಮ್ನೆ ಶುರು ಮಾಡಬೇಡಿ.

2. ಎಲ್ಲರೂ ಸೇರಿ ಒಂದೇ ಪಾಠ ನೋಡಿ

ಬಿಇಓ, ಬಿಆರ್‌ಸಿ, ಇಬ್ಬರು ಸಿಆರ್‌ಪಿಗಳು, ಸಾಧ್ಯವಾದರೆ ಡಯಟ್‌ನ ಒಬ್ಬ ಉಪನ್ಯಾಸಕರು. ಅಷ್ಟು ಜನ ಒಂದು ಶಾಲೆಗೆ ಹೋಗಿ. ಟೀಚರ್‌ಗೆ ಹಿಂದಿನ ದಿನವೇ ಹೇಳಿ, ಒಪ್ಪಿಗೆ ಕೇಳಿ. ‘ನಾವು ನೋಡಲು ಕಲಿಯಲಿಕ್ಕೆ ಬರುತ್ತಿದ್ದೇವೆ, ನಿಮ್ಮನ್ನು ತೂಗಲಿಕ್ಕಲ್ಲ’ ಎಂದು ಹೇಳಿ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ.

ಹಿಂದಿನ ಬೆಂಚಿನಲ್ಲಿ ಕೂತು ಕಂಡದ್ದು, ಕೇಳಿದ್ದು ಮಾತ್ರ ಬರೆಯಿರಿ. ‘ಪಾಠ ಚೆನ್ನಾಗಿತ್ತು’, ‘ಮಕ್ಕಳು ಚುರುಕಾಗಿದ್ದಾರೆ’ ಎಂಬ ಮಾತು ಬೇಡ. ‘ಟೀಚರ್ 11 ಪ್ರಶ್ನೆ ಕೇಳಿದರು. 9ಕ್ಕೆ ಇಡೀ ತರಗತಿ ಒಟ್ಟಿಗೆ ಕೂಗಿ ಉತ್ತರ ಹೇಳಿತು. ಕಿಟಕಿ ಪಕ್ಕದ ನಾಲ್ವರು ಮಕ್ಕಳು ಬಾಯಿ ಅಲ್ಲಾಡಿಸಿದರು, ಪುಸ್ತಕದಲ್ಲಿ ಏನೂ ಬರೆಯಲಿಲ್ಲ’ ಎಂದು ಬರೆಯಿರಿ. ಆಮೇಲೆ ಐವರೂ ತಮ್ಮ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಸಲ ಒಬ್ಬೊಬ್ಬರ ಹಾಳೆ ಒಂದೊಂದು ಥರ ಇರುತ್ತದೆ. ಒಬ್ಬರು ಕಪ್ಪುಹಲಗೆಯನ್ನೇ ನೋಡಿರುತ್ತಾರೆ, ಒಬ್ಬರು ಗೋಡೆಯ ಚಾರ್ಟ್ ಎಣಿಸಿರುತ್ತಾರೆ. ಐದಾರು ಪಾಠ ಒಟ್ಟಿಗೆ ನೋಡಿದ ಮೇಲೆ ಎಲ್ಲರ ಕಣ್ಣೂ ಮಕ್ಕಳ ಕಡೆ ತಿರುಗುತ್ತದೆ. ನನ್ನ ಮಟ್ಟಿಗೆ ಇಡೀ ವರ್ಷದಲ್ಲಿ ಬಹಳ ಬೆಲೆಬಾಳುವ ಕೆಲಸ ಇದೇ. ಎರಡು ದಿನದ ಪವರ್‌ಪಾಯಿಂಟ್ ತರಬೇತಿಯಿಂದ ಇದು ಬರುವುದಿಲ್ಲ.

ಟೀಚರ್ ಜೊತೆ ಮಾತಾಡುವಾಗ ಒಂದೇ ವಿಷಯ ಎತ್ತಿಕೊಳ್ಳಿ. ಹತ್ತು ಸಲಹೆ ಕೊಟ್ಟರೆ ಒಂದೂ ಉಳಿಯುವುದಿಲ್ಲ. ‘ಮೇಡಂ, ಕಿಟಕಿ ಪಕ್ಕದ ಮಕ್ಕಳಿಗೆ ಅರ್ಥ ಆಯ್ತಾ ಅಂತ ಹೇಗೆ ತಿಳ್ಕೊಳ್ತೀರಿ?’ ಎಂದು ಕೇಳಿ, ಅವರ ಮಾತು ಕೇಳಿಸಿಕೊಳ್ಳಿ. ಭೇಟಿ ಪುಸ್ತಕದಲ್ಲಿ ಅವರೇ ಆಯ್ದ ಒಂದು ಬದಲಾವಣೆ ಬರೆಯಿರಿ. ಮುಂದಿನ ಸಲ ಹೋದಾಗ ಅದನ್ನಷ್ಟೇ ನೋಡಿ. ಮಕ್ಕಳ ಎದುರು ಟೀಚರ್ ತಪ್ಪು ಎತ್ತಿ ತೋರಿಸಲೇಬೇಡಿ. ನಾನು ಹೊಸ ಮೇಷ್ಟ್ರಾಗಿದ್ದಾಗ ಒಬ್ಬ ಅಧಿಕಾರಿ ಹಾಗೆ ಮಾಡಿದ್ದರು. ಆಮೇಲೆ ಎರಡು ವರ್ಷ ಯಾರು ಬಂದರೂ ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿಟ್ಟ ಪಾಠವನ್ನೇ ತೋರಿಸುತ್ತಿದ್ದೆ.

3. ಅಂಕಪಟ್ಟಿ ಪಕ್ಕಕ್ಕಿಡಿ, ಉತ್ತರ ಪತ್ರಿಕೆ ಹರಡಿ

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇರಬೇಕು ಎನ್ನುತ್ತದೆ. ನಮ್ಮಲ್ಲಿ ಅದು ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ ಆಗಿ ಬಂದಿದೆ. ಎಸ್‌ಎ ಅಂದರೆ ಸಂಕಲನಾತ್ಮಕ ಮೌಲ್ಯಮಾಪನ, ಅವಧಿಯ ಕೊನೆಯ ಪರೀಕ್ಷೆ. ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ. ಮಗು ಕಲಿಯುತ್ತಿರುವಾಗಲೇ ನೋಡಿ ಪಾಠ ತಿದ್ದಿಕೊಳ್ಳುವುದು ಅದರ ಉದ್ದೇಶ. ಆದರೆ ಅಂಕ ತುಂಬಿ ಕಳಿಸುವ ಕೊನೆ ದಿನ ಬಂದಾಗ ಅದೂ ಒಂದು ಕಿರುಪರೀಕ್ಷೆಯಾಗಿ ಮುಗಿದುಹೋಗುತ್ತದೆ.

ಇದಕ್ಕೆ ಕ್ಲಸ್ಟರ್‌ನ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯೇ ಮದ್ದು. ಎಫ್‌ಎ 1 ಮುಗಿದ ಮೇಲಿನ ಸಭೆಗೆ ಪ್ರತಿ ಟೀಚರ್ ಒಂದು ತರಗತಿಯ ಎಲ್ಲ ಮಕ್ಕಳ ಪತ್ರಿಕೆ ತರಲಿ. ಜಾಣ ಮಕ್ಕಳದ್ದು ಮಾತ್ರ ಆರಿಸಿ ತರಬಾರದು. ಒಂದೇ ಪ್ರಶ್ನೆ ತೆಗೆದುಕೊಳ್ಳಿ. ನೆಲದ ಮೇಲೆ ಪತ್ರಿಕೆ ಹರಡಿ, ಒಂದೇ ಥರದ ತಪ್ಪುಗಳನ್ನು ಗುಡ್ಡೆ ಮಾಡಿ. 476ರ ಗುಡ್ಡೆ, 334ರ ಗುಡ್ಡೆ, 680ರ ಗುಡ್ಡೆ. ಯಾವ ಗುಡ್ಡೆ ದೊಡ್ಡದಿದೆಯೋ ಅದಕ್ಕೆ ಮೊದಲು ಪಾಠ ತಯಾರಿಸಿ. ಆ ಸಭೆಯಲ್ಲೇ ಒಬ್ಬರು ಪಾಠ ಮಾಡಿ ತೋರಿಸಲಿ, ಮಿಕ್ಕವರು ಅದನ್ನು ತಿದ್ದಲಿ. ಮುಂದಿನ ಸಭೆಗೆ ಅವೇ ಮಕ್ಕಳ ಹೊಸ ಹಾಳೆ ಬರಲಿ. ಗುಡ್ಡೆ ಕರಗಿದೆಯೋ ಇಲ್ಲವೋ ಎಲ್ಲರಿಗೂ ಕಾಣುತ್ತದೆ. ಕೋವಿಡ್ ನಂತರ 2022-23ರಲ್ಲಿ, ಹಿಂದುಳಿದ ಕಲಿಕೆಯನ್ನು ತುಂಬಿಕೊಡುವ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ನಡೆದಾಗ ಮಕ್ಕಳ ಕಲಿಕಾ ಹಾಳೆಗಳು ಶಾಲೆ ಶಾಲೆಯಲ್ಲೂ ರಾಶಿ ಬಿದ್ದಿದ್ದವು. ಆ ಹಾಳೆಗಳನ್ನು ಕೂತು ಓದಿದ ಶಾಲೆಗಳಿಗೆ ಅದು ನಿಧಿಯಾಗಿತ್ತು.

ಭಾಷೆಗೂ ಇದೇ ದಾರಿ. ಮಗು ‘ಹಕ್ಕಿ’ಯನ್ನು ‘ಹಕಿ’ ಎಂದು ಬರೆದರೆ ತೊಂದರೆ ಒತ್ತಕ್ಷರದ್ದು. ಪಾಠದ ಉತ್ತರ ಒಂದಕ್ಷರ ತಪ್ಪಿಲ್ಲದೆ ಬರೆದು, ಅದರರ್ಥ ಹೇಳು ಅಂದರೆ ಸುಮ್ಮನಾದರೆ ಅದು ಬೇರೆಯೇ ತೊಂದರೆ. ಎರಡನೆಯದು ಅಂಕಪಟ್ಟಿಯಲ್ಲಿ ಎಂದೂ ಕಾಣುವುದಿಲ್ಲ.

ಸಭೆಯಲ್ಲಿ ಸುತ್ತೋಲೆ ಓದುವುದಕ್ಕೆ ಹದಿನೈದು ನಿಮಿಷ ಸಾಕು. ಮೊಬೈಲ್‌ನಲ್ಲಿ ಕಳಿಸಿದರೂ ಆಗುತ್ತದೆ.

4. ಪ್ರಶ್ನೆ ಬರೆಯುವುದನ್ನು ಕಲಿಸಿ

ತರಬೇತಿಗಳಲ್ಲಿ ಇದಕ್ಕೆ ಜಾಗ ಸಿಗುವುದು ಕಮ್ಮಿ. ಎಸ್‌ಎ ಬಂದಾಗ ಗೈಡಿನಿಂದಲೋ ಹಳೆ ಪತ್ರಿಕೆಯಿಂದಲೋ ಪ್ರಶ್ನೆ ಎತ್ತಿಬಿಡುತ್ತೇವೆ. ಪ್ರತಿ ವಿಷಯಕ್ಕೆ ತಾಲ್ಲೂಕಿನ ಐದಾರು ಶಿಕ್ಷಕರನ್ನು ಸೇರಿಸಿ. ‘ನೀರಿನ ಮೂಲಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಬಾಯಿಪಾಠ ಸಾಕು. ‘ನಿಮ್ಮ ಊರಿನ ಬೋರ್‌ವೆಲ್‌ನಲ್ಲಿ ಏಪ್ರಿಲ್‌ನಲ್ಲಿ ನೀರು ಏಕೆ ಕಮ್ಮಿಯಾಗುತ್ತದೆ?’ ಅಂದರೆ ಮಗು ಯೋಚಿಸಬೇಕು. ಪ್ರಶ್ನೆ ಬರೆದ ಕೂಡಲೇ ಬರಬಹುದಾದ ತಪ್ಪು ಉತ್ತರಗಳನ್ನೂ ಬರೆಯಿರಿ. ತಪ್ಪು ಉತ್ತರ ಊಹಿಸಲು ಬರದಿದ್ದರೆ ಆ ಪ್ರಶ್ನೆಯಿಂದ ಟೀಚರ್‌ಗೆ ಏನೂ ತಿಳಿಯುವುದಿಲ್ಲ. ಇಲ್ಲಿ ಡಯಟ್‌ನವರ ನೆರವು ಕೇಳಿ ಪಡೆಯಿರಿ. ಅವರ ಕೆಲಸವೇ ಇದು.

5. ಎಚ್.ಎಂ.ಗಳನ್ನು ಒಂಟಿ ಮಾಡಬೇಡಿ

ಚಿಕ್ಕ ಶಾಲೆಯಲ್ಲಿ ಎಚ್.ಎಂ. (ಮುಖ್ಯ ಶಿಕ್ಷಕರು) ಕೂಡ ಎರಡು ಮೂರು ತರಗತಿಗೆ ಪಾಠ ಮಾಡುತ್ತಾರೆ. ಹಾಲಿನ ಪುಡಿ, ಮೊಟ್ಟೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಬ್ಯಾಂಕ್ ಕೆಲಸ ಎಲ್ಲ ಅವರದೇ. ಅವರಿಗೆ ‘ನಾಯಕತ್ವ’ದ ಭಾಷಣ ಬೇಡ, ಜೊತೆಗಾರರು ಬೇಕು. ಹತ್ತಿರದ ಮೂರು ಶಾಲೆಯ ಎಚ್.ಎಂ.ಗಳನ್ನು ಒಂದು ಗುಂಪು ಮಾಡಿ. ತಿಂಗಳಿಗೆ ಒಂದು ಸಲ ಒಬ್ಬರ ಶಾಲೆಗೆ ಮಿಕ್ಕ ಇಬ್ಬರು ಹೋಗಲಿ, ಒಂದು ಪಾಠ ನೋಡಲಿ, ಒಂದು ತರಗತಿಯ ನೋಟ್‌ಬುಕ್ ತಿರುವಲಿ. ಆ ದಿನ ಅವರ ತರಗತಿ ನೋಡಿಕೊಳ್ಳಲು ಸಿಆರ್‌ಪಿ ಹೋಗಲಿ. ಸಿಆರ್‌ಪಿಗೂ ಪಾಠ ಮಾಡಿದ ಹಾಗಾಗುತ್ತದೆ. ಪಾಠ ಬಿಟ್ಟು ಬಹಳ ವರ್ಷವಾದವರಿಗೆ ಅದು ಬೇಕೇ ಬೇಕು.

6. ಹತ್ತನೇ ತರಗತಿಯನ್ನು ಮಾತ್ರ ನೋಡಬೇಡಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಸ್ಥಾನದ ಪಟ್ಟಿ ಬರುತ್ತದೆ. 2024ರಲ್ಲಿ ಉಡುಪಿ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು. ಕೆಳಗಿರುವ ಜಿಲ್ಲೆಯವರಿಗೆ ನೋಟಿಸಿನ ಭಯ. ಆಮೇಲೆ ಡಿಸೆಂಬರ್‌ನಿಂದ ವಿಶೇಷ ತರಗತಿ, ಸರಣಿ ಪರೀಕ್ಷೆ, ಪಾಸಾಗುವಷ್ಟನ್ನು ಮಾತ್ರ ಓದಿಸುವ ‘ಪಾಸಿಂಗ್ ಪ್ಯಾಕೇಜ್’. ಕಷ್ಟಪಟ್ಟು ದುಡಿಯುವ ಹೈಸ್ಕೂಲ್ ಶಿಕ್ಷಕರ ಬಗ್ಗೆ ನನಗೆ ಗೌರವವಿದೆ. ಆದರೆ ಗಣಿತದ ಪಾಸಿಂಗ್ ಪ್ಯಾಕೇಜ್ ಹಿಡಿದು ಕೂತ ಹುಡುಗಿ ಯಾರು? ನಾಲ್ಕನೇ ತರಗತಿಯಲ್ಲಿ 476 ಬರೆದವಳೇ ಇರಬಹುದು. ಅವಳ ತಪ್ಪನ್ನು ಆರು ವರ್ಷ ಯಾರೂ ಓದಲಿಲ್ಲ. ಹಾಗಾಗಿ ಬಿಇಓ ಪರಿಶೀಲನಾ ಸಭೆಯಲ್ಲಿ ಹತ್ತನೇ ತರಗತಿಗೆ ಕೊಡುವಷ್ಟೇ ಹೊತ್ತನ್ನು ಮೂರು, ನಾಲ್ಕನೇ ತರಗತಿಗೂ ಕೊಡಿ. ಡಿಡಿಪಿಐ ಕೇಳುವ ಮೊದಲ ಪ್ರಶ್ನೆ ‘ಯಾವ ಗುಡ್ಡೆ ಕರಗಿತು?’ ಎಂದಾಗಲಿ.

7. ವರ್ಗಾವಣೆಗೆ ಮೊದಲೇ ಸಿದ್ಧರಾಗಿ

ಒಳ್ಳೆಯ ಬಿಇಓ ಹೋದರೆ ಕೆಲಸವೂ ಹೋಗುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಬಿಆರ್‌ಸಿ ಕಚೇರಿಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ. ಯಾವ ಕ್ಲಸ್ಟರ್‌ನಲ್ಲಿ ಯಾವ ತಪ್ಪು ಜಾಸ್ತಿ, ಯಾವ ಪಾಠ ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಪ್ರತಿ ತಿಂಗಳು ಎರಡು ಪುಟ. ಗಣಿತ ಚೆನ್ನಾಗಿ ಕಲಿಸುವ ಟೀಚರ್ ಯಾವ ಶಾಲೆಯಲ್ಲಿದ್ದಾರೆ ಎಂಬುದೂ ಅದರಲ್ಲಿರಲಿ. ಹೊಸ ಬಿಇಓ ಬಂದ ವಾರವೇ, ಫೈಲುಗಳನ್ನು ಮುಂದಿಡುವ ಮೊದಲು, ಸಿಆರ್‌ಪಿಗಳು ಅವರನ್ನು ಆ ನೋಟ್‌ಬುಕ್ಕಿನ ಜೊತೆ ಒಂದು ಶಾಲೆಗೆ ಕರೆದುಕೊಂಡು ಹೋಗಲಿ. ಹಿಂದಿನ ಬೆಂಚಿನಲ್ಲಿ ಅವರಿಗೊಂದು ಜಾಗ ಬಿಡಿಸಿ, ಒಂದು ಬಿಳಿ ಹಾಳೆ, ಪೆನ್ನು ಕೊಡಲಿ.