ಕಬಿನಿ ಹಿನ್ನೀರಲ್ಲಿ ಎಕೋ ಸೌಂಡರ್: 0.8 ಅಂದ್ರೆ ಎಲ್ಲಿಂದ 0.8?

ಎಚ್.ಡಿ.ಕೋಟೆ ಕಡೆ ಬಂದವರಿಗೆ ಗೊತ್ತಿರುತ್ತೆ, ಕಬಿನಿ ಹಿನ್ನೀರಲ್ಲಿ ಮುಳುಗಿದ ಕಾಡಿನ ಒಣಮರಗಳು ಇನ್ನೂ ನಿಂತಿವೆ. ಡ್ಯಾಂ ಪೂರ್ತಿ ತುಂಬಿ ನೀರಿನ ಮಟ್ಟ (ಸಮುದ್ರ ಮಟ್ಟದಿಂದ) 2284 ಅಡಿ ಇದ್ದಾಗ ಅಷ್ಟೇನೂ ಭಯ ಇಲ್ಲ, ಏಪ್ರಿಲ್ ಮೇನಲ್ಲಿ ನೀರು ಇಳೀತು ಅಂದ್ರೆ ಕಾಣೋ ಮರಕ್ಕಿಂತ ಕಾಣದ ಬೊಡ್ಡೆಗಳೇ ಯಮ. ಅದಕ್ಕೇ ನಾನು ಓಡಿಸೋ ಫೈಬರ್ ಬೋಟಿಗೆ ಓನರು ಒಂದು ಎಕೋ ಸೌಂಡರ್, ಅಂದ್ರೆ ನೀರೊಳಗೆ ಶಬ್ದ ಕಳಿಸಿ ಆಳ ತೋರಿಸೋ ಮಿಷನ್, ಹಾಕಿಸಿದ್ರು. ಹಾಕಿದ ಹುಡುಗ ಆನ್ ಮಾಡಿ ತೋರಿಸ್ಬಿಟ್ಟು ಹೊರಟೋದ, ಸೆಟ್ಟಿಂಗ್ ಬಗ್ಗೆ ಒಂದು ಮಾತಿಲ್ಲ.

ಮೊದಲ ಬೇಸಿಗೇಲೇ ಬಿತ್ತು ಏಟು. ಸ್ಕ್ರೀನಲ್ಲಿ 0.8 ಮೀಟರ್ ಇದೆ, ಇಂಜಿನ್ನಿನ ಫ್ಯಾನಿನ (ಪ್ರೊಪೆಲ್ಲರ್) ಕೆಳಗೆ 80 ಸೆಂಟಿಮೀಟರ್ ನೀರಿದೆಯಲ್ಲ ಅಂತ ಧೈರ್ಯವಾಗಿ ಹೋಗ್ತಿದ್ದೆ, ಟಕ್ ಅಂತ ಶಬ್ದ ಬಂತು, ಇಂಜಿನ್ ರೊಯ್ ಅಂತ ಕೂಗುತ್ತೆ ಬೋಟು ಮಾತ್ರ ಮುಂದಕ್ಕೆ ಹೋಗಲ್ಲ. ಬೊಡ್ಡೆಗೆ ಬಡಿದು ಶಿಯರ್ ಪಿನ್ ಕಟ್, ಅಂದ್ರೆ ಫ್ಯಾನನ್ನ ಇಂಜಿನ್ ಶಾಫ್ಟಿಗೆ ಹಿಡಿಯೋ ಸಣ್ಣ ಪಿನ್ನು.

ಮಾರನೇ ದಿನ ಬಿದಿರು ಗಳಕ್ಕೆ ಅಳತೆ ಗುರುತು ಹಾಕ್ಕೊಂಡು, ಗಟ್ಟಿ ನೆಲ ಇರೋ ಕಡೆ ಬೋಟ್ ನಿಲ್ಲಿಸಿ ಅಳೆದೆ. ಸ್ಕ್ರೀನು 0.8, ಗಳ 1.1! ಮಿಷನ್ ಸುಳ್ಳು ಹೇಳ್ತಿರಲಿಲ್ಲ. ಅದು ಅಳೆಯೋದು ಹಿಂದುಗಡೆ ನೀರೊಳಗೆ 30 ಸೆಂಟಿಮೀಟರ್ ಮುಳುಗಿರೋ ಟ್ರಾನ್ಸ್‌ಡ್ಯೂಸರ್‌ನಿಂದ (ಶಬ್ದ ಕಳಿಸಿ ವಾಪಸ್ ಕೇಳೋ ಭಾಗ), ನಮ್ಮ ಇಂಜಿನ್ನಿನ ತಳ ಅದಕ್ಕಿಂತ ಇನ್ನೂ 30 ಕೆಳಗೆ, ಅಂದ್ರೆ ನಿಜವಾಗ್ಲೂ ಇದ್ದಿದ್ದು ಬರೀ 50. ಕೀಲ್ ಆಫ್‌ಸೆಟ್ ಅಂತ ಇರೋದು ಇದಕ್ಕೇ ಕಣ್ರೀ. ಪ್ಲಸ್ 0.3 ಕೊಟ್ರೆ ನೀರಿನ ಮೇಲ್ಮೈಯಿಂದ ಆಳ, ಮೈನಸ್ 0.3 ಕೊಟ್ರೆ ಫ್ಯಾನಿನ ಕೆಳಗೆ ಉಳಿದಿರೋ ನೀರು. ನಾನು ಮೈನಸ್ ಇಟ್ಟೆ. ಜೊತೆಗೆ ವಾಟರ್ ಟೈಪ್ ಸಾಲ್ಟ್ ಅಂತ ಇತ್ತು, ಅದನ್ನ ಫ್ರೆಶ್ ಮಾಡಿದೆ. ಉಪ್ಪುನೀರಲ್ಲಿ ಶಬ್ದ ಸ್ವಲ್ಪ ಜೋರಾಗಿ ಓಡುತ್ತೆ, ತಪ್ಪು ಇಟ್ರೆ 10 ಮೀಟರಿಗೆ ಸುಮಾರು ಕಾಲು ಮೀಟರ್ ಜಾಸ್ತಿ ತೋರಿಸುತ್ತೆ, ನಮ್ಮ ಆಳಕ್ಕೆ ದೊಡ್ಡ ವಿಷಯ ಅಲ್ಲ.

ಆದ್ರೂ ಬೊಡ್ಡೆ ಯಾಕೆ ಕಾಣ್ಲಿಲ್ಲ? ಇದು ತಲೆಗೆ ಹೋಗೋಕೆ ಟೈಮ್ ಹಿಡೀತು. ನಮ್ಮದ್ರಲ್ಲಿ ಶಬ್ದದ ಫ್ರೀಕ್ವೆನ್ಸಿ 200 ಕಿಲೋಹರ್ಟ್ಜ್ ಇಟ್ರೆ ಕೋನ್, ಅಂದ್ರೆ ಶಬ್ದ ಹರಡೋ ಅಗಲ, 15 ಡಿಗ್ರಿ, 77ಕ್ಕೆ 45 ಡಿಗ್ರಿ. ಟಾರ್ಚ್ ಬೆಳಕಿನ ಥರ, ದೂರ ಹೋದಂಗೆ ಅಗಲ ಆಗುತ್ತೆ. 10 ಮೀಟರ್ ಆಳದಲ್ಲಿ 200ರ ಬೆಳಕು ಎರಡೂವರೆ ಮೀಟರ್ ಅಗಲ, 0.8 ಮೀಟರಲ್ಲಿ ಒಂದು ಗೇಣು ಅಗಲ ಅಷ್ಟೇ! ಅದೂ ಬೋಟಿನ ಹಿಂದುಗಡೆ, ಫ್ಯಾನಿನ ಪಕ್ಕದಲ್ಲೇ. ಮುಂದೆ ಬರೋದನ್ನ ಅದು ನೋಡಲ್ಲ. ಸ್ಕ್ರೀನಿನ ಬಲಗಡೆ ಅಂಚು ಮಾತ್ರ ಈಗಿನದು, ಎಡಕ್ಕಿರೋದೆಲ್ಲ ದಾಟಿ ಬಂದಿದ್ದು. ಬೋಟ್ ನಿಂತಿದ್ರೂ ಚಿತ್ರ ಓಡ್ತಾನೇ ಇರುತ್ತೆ, ಅಡಿಯಲ್ಲಿರೋ ಒಂದು ಕೊಂಬೆ ಉದ್ದ ಗೆರೆ ಆಗಿ ಕಾಣುತ್ತೆ. ಈಗ ತೀರಾ ಕಮ್ಮಿ ನೀರಿಗೆ ಹೋಗೋ ಮುಂಚೆ 77ಕ್ಕೆ ಹಾಕ್ತೀನಿ, ಚಿತ್ರ ಮಸುಕು, ಆದ್ರೆ ಪಕ್ಕದ ಬೊಡ್ಡೆ ಸ್ವಲ್ಪನಾದ್ರೂ ಸಿಗುತ್ತೆ.

ಗೇನ್ ಅಂದ್ರೆ ವಾಪಸ್ ಬರೋ ಶಬ್ದಕ್ಕೆ ಕಿವಿ ಎಷ್ಟು ಚುರುಕು ಅನ್ನೋದು. ಮಳೆಗಾಲದಲ್ಲಿ ಕೆಂಪುನೀರು ಬಂದಾಗ ಆಟೋದಲ್ಲಿ ಬಿಟ್ರೆ ಸ್ಕ್ರೀನ್ ತುಂಬಾ ಚುಕ್ಕಿ, ಕೈಯಲ್ಲೇ ಇಳಿಸ್ಬೇಕು. ಗೇನ್ ಜಾಸ್ತಿ ಇದ್ದು ನೆಲ ಗಟ್ಟಿಯಾಗಿದ್ರೆ ಶಬ್ದ ನೆಲಕ್ಕೆ ಬಡಿದು, ಮೇಲ್ಮೈಗೆ ತಾಗಿ, ಮತ್ತೆ ನೆಲಕ್ಕೆ ಬಡಿದು ಬಂದು ಸುಮಾರು ಡಬಲ್ ಆಳದಲ್ಲಿ ಇನ್ನೊಂದು ನೆಲ ಕಾಣುತ್ತೆ. ಒಮ್ಮೊಮ್ಮೆ ನಂಬರ್ ಅದನ್ನೇ ಹಿಡ್ಕೊಂಡು 1.5 ಇದ್ದಿದ್ದು ಇದ್ದಕ್ಕಿದ್ದಂಗೆ 3 ದಾಟುತ್ತೆ, ಖುಷಿ ಪಡಬೇಡಿ.

ಮೀನು ಗುರುತಿಸೋ ಫಿಶ್ ಐಡಿ ಆಫ್ ಮಾಡಿ ಬಿಸಾಕಿದೀನಿ. ಕೊಂಬೆ, ಗುಳ್ಳೆ ಎಲ್ಲಾದಕ್ಕೂ ಮೀನಿನ ಚಿತ್ರ ಹಾಕುತ್ತೆ. ತೆಪ್ಪದಲ್ಲಿ ಬಲೆ ಹಾಕೋ ಅಣ್ಣ ಒಬ್ರು ಇಣುಕಿ ನೋಡಿ, "ಏನ್ಲಾ, ನಿನ್ ಟೀವೀಲಿ ಇಷ್ಟೊಂದ್ ಮೀನವೆ, ನನ್ ಬಲೇಲಿ ಒಂದ್ ಜಿಲೇಬಿ ಮೀನೂ ಇಲ್ವಲ್ಲ" ಅಂದ್ರು.

ನೀರು ಕಮ್ಮಿ ಆದ್ರೆ ಕೂಗೋ ಶಾಲೋ ಅಲಾರಂ 1 ಮೀಟರಿಗೆ ಇಟ್ಟಿದೀನಿ. ಮೇ ತಿಂಗಳಲ್ಲಿ ಅದು ಬಾಯಿ ಮುಚ್ಚಲ್ಲ, ಆಗ ಇಂಜಿನ್ ಅರ್ಧ ಎತ್ತಿ, ಹೆಲ್ಪರ್ ಹುಡುಗನ ಕೈಗೆ ಅದೇ ಬಿದಿರು ಗಳ ಕೊಟ್ಟು ಮುಂದೆ ನಿಲ್ಲಿಸ್ತೀನಿ.